ಪೆಟ್ಲಿಗೊಂದು ಪಾಸ್ ಮಾರ್ಕು

ಮೊನ್ನೆ ಯಲ್ಲಾಪುರದಿಂದ ಶಿರಸಿಗೆ ಸ್ಕೂಟರಿನಲ್ಲಿ ಬರುತ್ತಿದ್ದಾಗ ಒಂದು ತಿರುವಿನಲ್ಲಿ ಪೊಲೀಸರು ನನ್ನತ್ತ ಬಂದೂಕು ಹಿಡಿದರು. ನೀವು ಗಾಬರಿಯಾಗಬೇಡಿ, ಅದು ವಾಹನಗಳ ವೇಗ ಅಳೆಯುವ ಬಂದೂಕು. ಗಾಬರಿಯಾಗುವ ಕೆಲಸವನ್ನು ನಾನೇ ಆಗ ಸಾಕಷ್ಟು ಮಾಡಿ ಮುಗಿಸಿದ್ದೇನೆ. ಎರಡೂ ಬ್ರೇಕು ಒಟ್ಟಿಗೆ ಹಿಡಿದು ಅವರ ಬೂಟಿನ ತುದಿಗೇ ಹೋಗಿ ನಿಂತೆ. ಎಳೆ ವಯಸ್ಸಿನ ಪೇದೆಯೊಬ್ಬ ಯಂತ್ರದ ಬೆನ್ನಲ್ಲಿ ಮೂಡಿದ ಅಂಕಿ ನೋಡಿದ, ನನ್ನನ್ನು ನೋಡಿದ, ಯಂತ್ರ ಕೆಟ್ಟಿದೆಯೋ ಎಂಬಂತೆ ಅದನ್ನೊಮ್ಮೆ ತಟ್ಟಿದ. ಆಮೇಲೆ ಬಹಳ ಮರ್ಯಾದೆಯಿಂದ, "ಅಮ್ಮಾರ, ನೀವು ಸ್ವಲ್ಪ ಬದಿಗೆ ಹೋಗ್ರಿ. ಹಿಂದ ಬಸ್ಸಿನವ್ರು ಆಗಿಂದ ಕಾಯಾಕತ್ತಾರ" ಎಂದ. ದಂಡ ಹಾಕಿದ್ದರೂ ನನಗೆ ಅಷ್ಟು ಅವಮಾನವಾಗುತ್ತಿರಲಿಲ್ಲ. ಮಂಚಿಕೇರಿ ಬರುವವರೆಗೂ ಆ ಬಸ್ಸಿನ ಕಿಟಕಿಗಳಲ್ಲಿ ಕಂಡ ಮುಖಗಳೇ ಕಣ್ಣಮುಂದೆ ಇದ್ದವು.

ಬಂದೂಕು ಬಂದು ನಮ್ಮ ವೇಗ ಅಳೆಯುವ ಕಾಲ ಬಂತಲ್ಲ ಎಂದುಕೊಂಡೆ. ನಾವೆಲ್ಲ ಬಂದೂಕಿನ ವೇಗ ಅಳೆದವರು. ಅದೂ ಖಾಲಿ ಬೆಂಕಿಪೊಟ್ಟಣದಿಂದ. ನೀವು ನಗುವುದಾದರೆ ಈಗಲೇ ನಕ್ಕು ಮುಗಿಸಿಬಿಡಿ, ಮುಂದೆ ಇನ್ನೂ ಇದೆ.

ನಾನು ಹೇಳುತ್ತಿರುವ ಬಂದೂಕಿಗೆ ನಮ್ಮ ಕಡೆ ಪೆಟ್ಲು ಎನ್ನುತ್ತಾರೆ. ಶಿರಸಿ, ಸಿದ್ದಾಪುರದವರಿಗೆ ವಿವರಿಸುವ ಅಗತ್ಯವಿಲ್ಲ, ಅವರೆಲ್ಲ ಒಂದಲ್ಲ ಒಂದು ಸಲ ಅದರಿಂದ ಬೆನ್ನಿಗೆ ಹೊಡೆಸಿಕೊಂಡವರೇ. ಉಳಿದವರಿಗಾಗಿ ಹೇಳುತ್ತೇನೆ. ವಾಟೆ ಎಂಬ ತೆಳ್ಳನೆಯ ಬಿದಿರಿನ ಒಂದು ಗೇಣು ಉದ್ದದ ಕೊಳವೆ. ಅದರೊಳಗೆ ಬಿಗಿಯಾಗಿ ಓಡಾಡುವ ಒಂದು ಕೋಲು, ಕೋಲಿಗೊಂದು ಹಿಡಿ. ಬಟಾಣಿಗಿಂತ ಚಿಕ್ಕದಾದ ಹಸಿರು ಜುಮ್ಮನಕಾಯಿಯನ್ನು ಕೊಳವೆಯ ತುದಿಯವರೆಗೆ ತಳ್ಳಿ ನಿಲ್ಲಿಸಬೇಕು. ಹಿಂದಿನಿಂದ ಇನ್ನೊಂದು ಕಾಯಿ ಇಟ್ಟು ಕೋಲಿನಿಂದ ಒಮ್ಮೆಲೇ ನೂಕಬೇಕು. ಎರಡು ಕಾಯಿಗಳ ನಡುವೆ ಸಿಕ್ಕಿಬಿದ್ದ ಗಾಳಿ ಬೇರೆ ದಾರಿ ಕಾಣದೆ ಮುಂದಿನ ಕಾಯಿಯನ್ನು ಹೊರಕ್ಕೆ ಒದೆಯುತ್ತದೆ. "ಟಪ್" ಎಂದು ಸದ್ದಾಗುತ್ತದೆ. ಎದುರಿಗೆ ಯಾರಾದರೂ ಇದ್ದರೆ ಇನ್ನೊಂದು ಸದ್ದೂ ಆಗುತ್ತದೆ.

ಚೌತಿಯ ಹೊತ್ತಿಗೆ ಸರಿಯಾಗಿ ಜುಮ್ಮನಮರ ಕಾಯಿ ಬಿಡುತ್ತದೆ. ಆ ಕಾಯಿ ಅಜ್ಜಿಗೆ ಬೇಕಾದದ್ದು ತಂಬುಳಿಗೆ, ನಮಗೆ ಬೇಕಾದದ್ದು ಯುದ್ಧಕ್ಕೆ. ಮರಕ್ಕೆ ಮೈತುಂಬ ಮುಳ್ಳು ಇರುವುದರಿಂದ ಹತ್ತಿ ಕೊಯ್ಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ದೋಟಿಯಲ್ಲಿ ಎಳೆದು ಬಿದ್ದದ್ದನ್ನು ಆರಿಸಬೇಕು. ಅಜ್ಜಿ ಬುಟ್ಟಿಗೆ ಆರಿಸುತ್ತಿದ್ದರೆ ನಾವು ಅಜ್ಜಿಯ ಬುಟ್ಟಿಯಿಂದ ಆರಿಸುತ್ತಿದ್ದೆವು. ನನ್ನ ಲಂಗದ ಜೇಬೆಲ್ಲ ಆ ಕಾಯಿಯ ಕಿತ್ತಳೆ ಸಿಪ್ಪೆಯಂಥ ಘಾಟು ವಾಸನೆ. ಗುರಿ ಮಾತ್ರ ನನಗೆ ಹುಟ್ಟಿನಿಂದಲೇ ಇರಲಿಲ್ಲ. ಒಮ್ಮೆ ಬೆಕ್ಕಿಗೆಂದು ಹೊಡೆದದ್ದು ಜನಿವಾರ ಸರಿಮಾಡಿಕೊಳ್ಳುತ್ತಿದ್ದ ಪುರೋಹಿತರ ಬರಿಮೈಗೆ ಬಿತ್ತು. ಅವರು ಎದುರಿಗೆ ಕೂತಿದ್ದ ಅಜ್ಜನನ್ನೇ ಅನುಮಾನದಿಂದ ನೋಡಿ ಮಂತ್ರ ಮುಂದುವರಿಸಿದರು.

ಈಗ ನನ್ನ ಮಾವನನ್ನು ಒಳಗೆ ತರಬೇಕು. ಅಮ್ಮನ ಕಿರಿಯ ತಮ್ಮ, ಶ್ರೀಪಾದ ಮಾವ. ಮತ್ತಿಘಟ್ಟದ ಅಜ್ಜನ ಮನೆಯವ. ಓದು ತಲೆಗೆ ಹತ್ತದೆ ಪುಣೆಗೆ ಹೋಗಿ, ಅಲ್ಲಿ ಪಿಸ್ತೂಲು ಸ್ಪರ್ಧೆಗಳು ನಡೆಯುವ ಒಂದು ಮೈದಾನದ ಕ್ಯಾಂಟೀನಿನಲ್ಲಿ ಅಡಿಗೆಗೆ ನಿಂತಿದ್ದ. ಚಹಾ ಕೊಡುತ್ತ, ಬಟಾಟೆ ವಡೆ ಕರಿಯುತ್ತ, ಲೋಟ ಎತ್ತುತ್ತ ಮಾವ ಪಿಸ್ತೂಲು ವಿದ್ಯೆಯನ್ನು ಪೂರ್ತಿ ಕಲಿತುಬಿಟ್ಟ. ಪಿಸ್ತೂಲು ಮುಟ್ಟುವುದೊಂದು ಬಾಕಿ ಉಳಿಯಿತು. ತೊಂಬತ್ತರ ದಶಕದ ನಡುವೆ ಕ್ಯಾಂಟೀನಿನ ಗುತ್ತಿಗೆ ಬೇರೆಯವರ ಪಾಲಾದಾಗ ಊರಿಗೆ ವಾಪಸು ಬಂದು, ಮದುವೆ ಮುಂಜಿಗಳ ಅಡಿಗೆಗೆ ಹೋಗತೊಡಗಿದ. ಅವನು ಮಾಡಿದ ಹೋಳಿಗೆ ತಿಂದವರು ಮರೆಯುತ್ತಿರಲಿಲ್ಲ. ಹೋಳಿಗೆ ತಿನ್ನುವಾಗ ಅವನು ಆಡಿದ ಮಾತನ್ನೂ ಮರೆಯುತ್ತಿರಲಿಲ್ಲ, ಅದೇ ಕಷ್ಟವಾಗಿತ್ತು.

ಮಾವನ ಮಾತೆಲ್ಲ ಗುಂಡಿನದು. ಪುಣೆಯ ಆ ಸ್ಪರ್ಧೆಗಳಲ್ಲಿ ಕೆಲವರು ತಮ್ಮ ತೋಟೆಗಳನ್ನು, ಅಂದರೆ ಕಾರ್ಟ್ರಿಜ್ಜುಗಳನ್ನು, ತಾವೇ ಕೈಯಾರೆ ತುಂಬಿಕೊಳ್ಳುತ್ತಿದ್ದರಂತೆ. ಮದ್ದು ಸ್ವಲ್ಪ ಕಡಿಮೆ ತುಂಬಿದರೆ ಪಿಸ್ತೂಲು ಕೈಯಲ್ಲಿ ಕುಪ್ಪಳಿಸುವುದಿಲ್ಲ, ಗುರಿ ಸುಲಭ. ಎಲ್ಲರೂ ಹಾಗೆ ಮಾಡಿದರೆ ಅದು ಪಿಸ್ತೂಲಿನ ಆಟವಾಗುವುದಿಲ್ಲ, ಮಕ್ಕಳಾಟವಾಗುತ್ತದೆ. ಅದಕ್ಕೆ ಒಂದು ನಿಯಮ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಬೇಕು, ಬಂದ ಉತ್ತರ ಇಂತಿಷ್ಟು ಇರಲೇಬೇಕು. ಪಂದ್ಯದ ದಿನ ಪ್ರತಿಯೊಬ್ಬನ ತೋಟೆಗಳಲ್ಲಿ ಕೆಲವನ್ನು ತೆಗೆದುಕೊಂಡು, ಒಂದನ್ನು ಬಿಚ್ಚಿ ಗುಂಡು ತೂಗಿ, ಉಳಿದವನ್ನು ಎರಡು ಕಣ್ಣಿನ ಒಂದು ಪೆಟ್ಟಿಗೆಯ ಮೇಲಿಂದ ಹಾರಿಸುತ್ತಾರೆ. ಗುಂಡು ಮೊದಲ ಕಣ್ಣಿಂದ ಎರಡನೆಯ ಕಣ್ಣಿಗೆ ಹೋಗುವಷ್ಟರಲ್ಲಿ ಪೆಟ್ಟಿಗೆ ಅದರ ವೇಗ ಹೇಳಿಬಿಡುತ್ತದೆ. ಉತ್ತರ ಕಡಿಮೆ ಬಂತೋ, ಅವನು ಬೇಕಾದರೆ ದಿನವಿಡೀ ಹೊಡೆಯಬಹುದು, ಅಂಕ ಮಾತ್ರ ಸೊನ್ನೆ. ಹಾಗೆ ಸೊನ್ನೆಯಾದ ಭಾರೀ ಮೀಸೆಯ ಆಸಾಮಿಯೊಬ್ಬ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಅಳುತ್ತ ವಡೆ ತಿಂದದ್ದನ್ನು ಮಾವ ಎಷ್ಟು ಸಲ ಹೇಳಿದ್ದನೆಂದರೆ, ಆ ವಡೆಯ ರುಚಿ ನಮಗೂ ಗೊತ್ತಾಗಿತ್ತು.

ಇದನ್ನು ನಮಗೆ ಹೇಳಿದ್ದರೆ ಅಡ್ಡಿಯಿರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಹೇಳಿದ. ಹುಲಗೋಳದಲ್ಲಿ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗಿಯ ಅಪ್ಪ ಎಲೆಗೆ ಅನ್ನ ಬಡಿಸಿಕೊಂಡು, ಸುಮ್ಮನೆ ಮರ್ಯಾದೆಗೆಂದು, ಪುಣೆಯಲ್ಲಿ ಏನು ವಿಶೇಷ ಎಂದು ಕೇಳಿದರಂತೆ. ಸಾರಿನಿಂದ ಮಜ್ಜಿಗೆಯವರೆಗೆ ಮಾವ ವಿಶೇಷ ಹೇಳಿದ. ಗುಂಡು ತಿರುಗುತ್ತ ಹೋಗುವುದು ಹೇಗೆಂದು ತೋರಿಸಲು ಎಲೆಯ ಮೇಲಿದ್ದ ಉಪ್ಪಿನಕಾಯಿ ಮಿಡಿಯನ್ನು ತಿರುಗಿಸಿದಾಗ ಅದು ಹುಡುಗಿಯ ಅಣ್ಣನ ಬಿಳಿ ಪಂಚೆಗೆ ಹಾರಿತು. ವಾರ ಕಳೆಯುವ ಮೊದಲೇ ಜಾತಕ ಕೂಡಿಬರುವುದಿಲ್ಲ ಎಂದು ಹೇಳಿಕಳಿಸಿದರು. ಹೀಗೆ ಜಾತಕ ಕೂಡದೆ ಹೋದ ಮನೆಗಳು ಮೂರು ತಾಲೂಕಿನಲ್ಲೂ ಇದ್ದವು. ಬಾಯಿ ಬಿಡದಿದ್ದರೆ ಮಾವ ನೋಡಲು ಲಕ್ಷಣವಾಗಿಯೇ ಇದ್ದ, ಕೈಗುಣವೂ ಇತ್ತು. ವಯಸ್ಸು ಮೂವತ್ತೈದು ದಾಟಿದ ಮೇಲೆ ಅಜ್ಜಿ ದೇವರ ಮುಂದೆ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದದ್ದು ಸೊಸೆಯನ್ನಲ್ಲ, ಮಗನಿಗೆ ಸ್ವಲ್ಪ ಮೌನವನ್ನು. ತಾನು ಹೋದ ಮೇಲೆ ಇವನ ಮಾತು ಕೇಳುವವರು ಯಾರು ಎಂದು ಒಂದು ದಿನ ಅಜ್ಜಿ ನನ್ನೆದುರೇ ಕಣ್ಣೊರೆಸಿಕೊಂಡದ್ದುಂಟು. 

ಚೌತಿಯ ಮರುದಿನ ಮತ್ತಿಘಟ್ಟದಲ್ಲಿ ದೊಡ್ಡವರ ಪೆಟ್ಲು ಪಂದ್ಯ ನಡೆಯುತ್ತಿತ್ತು. ಅದು ಸೊಸೈಟಿಯ ಗೋದಾಮಿನ ಉದ್ದದ ಜಗುಲಿಯಲ್ಲಿ. ಮಾಡಿನಿಂದ ನಶ್ಯದ ಖಾಲಿ ಡಬ್ಬಿಗಳನ್ನು ಸಾಲಾಗಿ ಇಳಿಬಿಟ್ಟಿರುತ್ತಿದ್ದರು. ಕಾಯಿ ತಾಗಿದರೆ "ಟಣ್" ಎನ್ನಬೇಕು. ಯಾರು ಹೆಚ್ಚು ಟಣ್ ಎನಿಸುತ್ತಾರೋ ಅವರಿಗೆ ಒಂದು ತೆಂಗಿನಕಾಯಿ, ವರ್ಷವಿಡೀ ಮರ್ಯಾದೆ. ಹಲವು ವರ್ಷಗಳಿಂದ ಅದು ಬಸಣ್ಣನ ಪಾಲಾಗುತ್ತಿತ್ತು. ಬಸಣ್ಣ ಬನವಾಸಿ ಕಡೆಯಿಂದ ಬಂದು ಮತ್ತಿಘಟ್ಟದಲ್ಲಿ ಕಿರಾಣಿ ಅಂಗಡಿ ಹಾಕಿದವರು. ದಪ್ಪ ಮೈ, ಅವಸರವಿಲ್ಲದ ಜೀವ. ಪೆಟ್ಲನ್ನು ಮೆಲ್ಲಗೆ ನೂಕುತ್ತಿದ್ದರು. ಅವರ ಕಾಯಿ ಹೊರಟರೆ ನಾವು ಕಣ್ಣಲ್ಲಿ ಹಿಂಬಾಲಿಸಬಹುದಿತ್ತು. ತೇಲಿಕೊಂಡು, ಆಚೀಚೆ ನೋಡಿಕೊಂಡು ಹೋಗಿ ಡಬ್ಬಿಗೆ ತಾಗುತ್ತಿತ್ತು.

ಪ್ರತಿವರ್ಷ ಎರಡನೆಯವನಾಗುತ್ತಿದ್ದ ಮಾವನಿಗೆ ಇದನ್ನು ಸಹಿಸಲಾಗಲಿಲ್ಲ. ಬಸಣ್ಣನದು ಟಣ್ ಅಲ್ಲ, ಟಿಣ್ ಎಂದು ವಾದಿಸಿದ. ಕಡಿಮೆ ಮದ್ದಿನ ತೋಟೆಯ ಮೋಸವೇ ಇಲ್ಲಿ ಜುಮ್ಮನಕಾಯಿಯ ರೂಪದಲ್ಲಿ ನಡೆಯುತ್ತಿದೆ ಎಂದ. ಊರವರನ್ನು ಕೂಡಿಸಿಕೊಂಡು ಪುಣೆಯ ನಿಯಮವನ್ನು ವಿವರಿಸಿ, ಮತ್ತಿಘಟ್ಟದಲ್ಲೂ ಪೆಟ್ಲಿಗೊಂದು ಪಾಸ್ ಮಾರ್ಕು ಬೇಕೆಂದು ಹಟ ಹಿಡಿದ. ಊರವರು ಒಪ್ಪಿದರು. ವಾದ ಒಪ್ಪಿ ಅಲ್ಲ, ಒಪ್ಪಿದರೆ ಮನೆಗೆ ಹೋಗಬಹುದೆಂದು. ಬಸಣ್ಣ ಕೂಡ ಸಕ್ಕರೆ ಕಟ್ಟುತ್ತ ಮಾವನಿಗೆ, ಮಾಡ್ರಿ ಭಟ್ರ, ಹೊಸಾದೊಂದು ಇರ್ಲಿ ಎಂದರು.

ಆಗ ನಾನು ಶಿರಸಿಯಲ್ಲಿ ಬಿ.ಎಸ್ಸಿ. ಓದುತ್ತ ಅಜ್ಜನ ಮನೆಯಲ್ಲೇ ಇದ್ದೆ. ಒಂದು ಸಂಜೆ ಮಾವ ನನ್ನ ಪುಸ್ತಕದ ಮೇಲೆ ಒಂದು ಹಿಡಿ ಜುಮ್ಮನಕಾಯಿ ಸುರಿದ.

"ಕೂಸೆ, ನೀ ಸೈನ್ಸ್ ಓದ್ತೆ ಅಲ್ದ? ಇದು ಎಷ್ಟು ಜೋರು ಹೋಗ್ತು ಹೇಳಿ ಲೆಕ್ಕ ಹಾಕಿಕೊಡೆ" ಎಂದ.

ಎರಡು ಕಣ್ಣಿನ ಪೆಟ್ಟಿಗೆ ನಮ್ಮಲ್ಲಿರಲಿಲ್ಲ. ಆದರೆ ಕಾಲೇಜಿನಲ್ಲಿ ಪಾಠವಾಗಿತ್ತು, ಹಗುರಾದ ಒಂದು ವಸ್ತುವನ್ನು ದಾರದಲ್ಲಿ ತೂಗುಬಿಟ್ಟು ಅದಕ್ಕೆ ಗುಂಡು ಹೊಡೆದು ಅಂಟಿಸಿದರೆ, ಅದು ಎಷ್ಟು ದೂರ ತೂಗಿತೆಂಬುದರಿಂದ ಗುಂಡಿನ ವೇಗ ಸಿಗುತ್ತದೆ. ವಸ್ತುವಿಗೆ ಬೆಂಕಿಪೊಟ್ಟಣ ಆಯಿತು. ಅಂಟಿಗೆ, ಒಡೆದ ಕೊಡಕ್ಕೆ ಹಚ್ಚಲೆಂದು ಅಜ್ಜಿ ಕೋಲಿಗೆ ಸುತ್ತಿಟ್ಟಿದ್ದ ಹಲಸಿನ ಮೇಣವನ್ನು ಬಿಸಿಮಾಡಿ ತುಂಬಿದೆ. ಕಾಯಿಯ ತೂಕ ಬೇಕಲ್ಲ, ಮಾವ ನನ್ನನ್ನು ಶಿರಸಿ ಪೇಟೆಯ ಪರಿಚಯದ ಅಕ್ಕಸಾಲಿಗರಲ್ಲಿಗೆ ಕರೆದೊಯ್ದ. ಮಾವ ಕೈವಸ್ತ್ರದ ಗಂಟು ಬಿಚ್ಚುವುದನ್ನು ಅವರು ಬಹಳ ಆಸೆಯಿಂದ ನೋಡುತ್ತಿದ್ದರು. ಒಳಗೆ ಜುಮ್ಮನಕಾಯಿ ಕಂಡಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆದರೂ ಪಾಪ, ಕೆಂಪು ಗುಲಗಂಜಿಗಳನ್ನಿಟ್ಟು ತೂಗಿ, ಒಂದು ಕಾಯಿಗೆ ಎರಡು ಗುಲಗಂಜಿಗೆ ಚೂರು ಕಡಿಮೆ ಎಂದರು. ಮೂಗುತಿ ಮಾಡಿಸುವುದಾದರೆ ಇನ್ನೊಂದು ಕಾಯಿ ಬೇಕಾಗುತ್ತದೆ ಎಂದೂ ಸೇರಿಸಿದರು.

ಮೊದಲ ಸಲದ ಲೆಕ್ಕದಲ್ಲಿ ನಾನು ಒಂದು ದಶಾಂಶ ಬಿಂದುವನ್ನು ಎಲ್ಲೋ ಬೀಳಿಸಿಕೊಂಡು ಬಂದೆ. ಮಾವನ ಪೆಟ್ಲಿನ ಕಾಯಿ ಶಬ್ದದ ವೇಗವನ್ನು ಮೀರುತ್ತದೆ ಎಂದು ಉತ್ತರ ಬಂತು. ನಾನು ಮತ್ತೊಮ್ಮೆ ನೋಡುವಷ್ಟರಲ್ಲಿ ಮಾವ ಬಸಣ್ಣನ ಅಂಗಡಿ ತಲುಪಿಯಾಗಿತ್ತು. ಹಾಗಿದ್ದರೆ ಟಪ್ ಎನ್ನುವುದು ಕಾಯಿ ಹೋಗುವಾಗಲೇ ಹೇಗೆ ಕೇಳಿಸುತ್ತದೆ ಎಂದು ಯಾರೋ ಕೇಳಿದ್ದಕ್ಕೆ, ಸದ್ದು ತಡವಾಗಿಯೇ ಬರುತ್ತದೆ, ನಿಮಗೆ ಕಿವಿಗೊಟ್ಟು ಕೇಳುವ ಅಭ್ಯಾಸವಿಲ್ಲ ಎಂದನಂತೆ. ಆ ಸಂಜೆಯೆಲ್ಲ ಅಂಗಡಿಯ ಮುಂದೆ ದೊಡ್ಡ ದೊಡ್ಡವರು ಪೆಟ್ಲು ಹೊಡೆದು ಕಿವಿಗೆ ಕೈಯಿಟ್ಟು ನಿಂತಿದ್ದರು. ಇಬ್ಬರಿಗೆ ತಡವಾಗಿ ಕೇಳಿಸಿತ್ತು ಕೂಡ. ಬಿಂದು ಸಿಕ್ಕಿದ ಮೇಲೆ ಅದು ಘಟ್ಟ ಇಳಿಯುವ ಖಾಸಗಿ ಬಸ್ಸಿನ ವೇಗಕ್ಕೆ ಬಂದು ನಿಂತಿತು. ಮಾವ ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಸಮಾಧಾನಕ್ಕೆಂದು ನಾನೇ ಒಂದು ಸುಲಭದ ದಾರಿ ಹೇಳಿಕೊಟ್ಟೆ. ನಮಗೆ ಬೇಕಾದದ್ದು ವೇಗ ಒಂದೇ ಅಲ್ಲ, ತೂಕ ಮತ್ತು ವೇಗ ಗುಣಿಸಿ ಬಂದದ್ದು. ಬೆಂಕಿಪೊಟ್ಟಣ ಎಷ್ಟು ದೂರ ತೂಗುತ್ತದೆ ಎಂಬುದರಲ್ಲೇ ಆ ಉತ್ತರ ಇದೆ. ಆದ್ದರಿಂದ ಲೆಕ್ಕವೇ ಬೇಡ, ಬದಿಯ ಗೋಡೆಯ ಮೇಲೆ ಒಂದು ಗೆರೆ ಎಳೆದರೆ ಸಾಕು. ಪೊಟ್ಟಣ ಗೆರೆ ಮುಟ್ಟಿದರೆ ಪಾಸು. ಮಾವನಿಗೆ ಜೀವ ಬಂತು. ಗೋದಾಮಿನ ಜಗುಲಿಯಲ್ಲಿ ಪೊಟ್ಟಣ ತೂಗುಬಿಟ್ಟು ತಾನೇ ಹೊಡೆದು ನೋಡಿದ, ಅದು ಗೇಣಿನಷ್ಟು ದೂರ ಹೋಯಿತು. ಅಷ್ಟರ ಹತ್ತಿರಕ್ಕೇ ಸೀಮೆಸುಣ್ಣದಿಂದ ಗೆರೆ ಎಳೆದ. ಬಸಣ್ಣನನ್ನು ಕರೆದು ಹೊಡೆಸಿದ. ಅವರ ಕಾಯಿ ಹೋಗಿ ಪೊಟ್ಟಣವನ್ನು ಮಾತಾಡಿಸಿಕೊಂಡು ಬಂತು. ಮಾವನ ಮುಖದಲ್ಲಿ ಅಂದು ಇದ್ದ ಬೆಳಕನ್ನು ನಾನು ಅವನ ಮದುವೆಯಲ್ಲೂ ಕಂಡಿಲ್ಲ.

ಇಷ್ಟರಲ್ಲಿ ಇಡಗುಂದಿಯಿಂದ ಸುದ್ದಿ ಬಂತು. ಸಂಬಂಧ ತಂದ ಪುರೋಹಿತರು ಹೇಳಿದ ಹುಡುಗಿಯ ಹೆಸರು ಶಾರದೆ. ಅವಳ ಅಪ್ಪ ಮೊದಲು ವರನ ಮನೆ ನೋಡಬೇಕೆಂದು ಚೌತಿಯ ಮರುದಿನವೇ ಬರುತ್ತಾರೆ, ಶಿರಸಿಯ ಅಕ್ಕನ ಮನೆಗೆ ಹೊರಟ ಹುಡುಗಿಯೂ ಜೊತೆಗೆ ಇರುತ್ತಾಳೆ. ಅಜ್ಜಿ ಮಾವನ ಕೈಹಿಡಿದು ಕೂರಿಸಿಕೊಂಡಳು.

"ಅವತ್ತೊಂದು ದಿನ ಬಾಯಿ ಮುಚ್ಕಂಡು ಇರು ಮಾರಾಯ. ಇದು ತಪ್ಪಿದ್ರೆ ಇನ್ನು ಯಾರೂ ಬತ್ವಿಲ್ಲೆ" ಎಂದಳು.

ಮಾವ ಆಗಲಿ ಎಂದ. ಆದರೆ ಅವನ ಲೆಕ್ಕ ಬೇರೆ ಇತ್ತು. ಮಧ್ಯಾಹ್ನ ನೆಂಟರು ಮನೆಗೆ ಬರುವಾಗ ಗೆದ್ದ ತೆಂಗಿನಕಾಯಿಯೊಂದಿಗೆ ಮೆಟ್ಟಿಲ ಮೇಲೆ ನಿಂತಿರಬೇಕು. ಮಾತೇ ಬೇಡ, ಕಾಯಿಯೇ ಮಾತಾಡುತ್ತದೆ.

ಗೆಲುವಿನಲ್ಲಿ ಎಳ್ಳಷ್ಟೂ ಅನುಮಾನ ಉಳಿಯಬಾರದೆಂದು ಅವನೊಂದು ಯುಕ್ತಿ ಮಾಡಿದ. ತೂಕ ಹೆಚ್ಚಾದರೆ ಗುಣಾಕಾರ ಹೆಚ್ಚು, ನೀರು ಕುಡಿದ ಕಾಯಿ ತೂಕ ಹೆಚ್ಚು. ಇದರ ಜೊತೆಗೆ, ಮದ್ದು ಜೋರಾಗಿ ಉರಿಯಲೆಂದು ಪುಣೆಯ ಜಾಣರು ತೋಟೆಗಳನ್ನು ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದುದು ಅವನಿಗೆ ನೆನಪಿತ್ತು. ಒದ್ದೆಯೂ ಆಗಬೇಕು, ಬೆಚ್ಚಗೂ ಇರಬೇಕು. ಹಾಗಾಗಿ ಪಂದ್ಯದ ಬೆಳಿಗ್ಗೆ ಎದ್ದವನೇ ಒಳ್ಳೊಳ್ಳೆಯ ಜುಮ್ಮನಕಾಯಿಗಳನ್ನು ಆರಿಸಿ, ನೀರು ಇಳಿಯಲೆಂದು ಹಲ್ಲಿನಿಂದ ಒಂದೊಂದನ್ನೂ ಸಣ್ಣಗೆ ಒತ್ತಿ, ಎರಡೂ ದವಡೆಗಳಲ್ಲಿ ತುಂಬಿಕೊಂಡ. ನಮ್ಮ ಕಡೆ ದವಡೆ ಉಬ್ಬಿದ್ದರೆ ಯಾರೂ ಏನೂ ಕೇಳುವುದಿಲ್ಲ, ಕವಳ ಹಾಕಿದ್ದಾನೆ ಎಂದುಕೊಳ್ಳುತ್ತಾರೆ. ಎಲೆಯಡಿಕೆ ಜಗಿಯುತ್ತ ಅರ್ಧ ದಿನ ಬರೀ ಹೂಂ ಹೂಂ ಎನ್ನುವ ಜನ ನಾವು. ಅಜ್ಜಿಯೂ ಹಾಗೆಯೇ ತಿಳಿದು ಸಂತೋಷಪಟ್ಟಳು.

ಜುಮ್ಮನಕಾಯಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ತಂಬುಳಿಗೆ ನಾಲ್ಕು ಕಾಯಿ ಹೆಚ್ಚು ಬಿದ್ದರೆ ತುಟಿ ಜುಮ್ಮೆನ್ನುತ್ತದೆ. ಹಸಿಯದನ್ನು ಕಚ್ಚಿದರೆ ನಾಲಿಗೆ ನಮ್ಮದೋ ಪಕ್ಕದವರದೋ ಎಂದು ತಿಳಿಯದಷ್ಟು ಮರಗಟ್ಟುತ್ತದೆ. ಇದು ಊರಿನ ಕರುಗಳಿಗೂ ಗೊತ್ತು. ಮಾವನಿಗೂ ಗೊತ್ತಿತ್ತು, ಆದರೆ ಅವನ ತಲೆಯಲ್ಲಿ ಆ ಹೊತ್ತು ಜುಮ್ಮನಕಾಯಿ ಇರಲಿಲ್ಲ, ತೋಟೆ ಇತ್ತು.

ಗೋದಾಮಿನ ಜಗುಲಿಯಲ್ಲಿ ಮೊದಲು ಪಾಸ್ ಮಾರ್ಕಿನ ಪರೀಕ್ಷೆ ಶುರುವಾಯಿತು. ಪೊಟ್ಟಣದಿಂದ ಹೇರ್‌ಪಿನ್ನಿನಲ್ಲಿ ಕಾಯಿ ಕಿತ್ತು ತೆಗೆಯುವುದು ನನ್ನ ಕೆಲಸ, ಗೆರೆ ನೋಡಿ ತೀರ್ಪು ಕೊಡುವುದು ಮಾವನದು. ಬಾಯಿ ತುಂಬಿದ್ದರಿಂದ ತೀರ್ಪೆಲ್ಲ ಕೈಸನ್ನೆಯಲ್ಲಿ. ಡಬ್ಬಿಗಳಲ್ಲಿ ಇನ್ನೂ ಚೂರುಪಾರು ನಶ್ಯವಿತ್ತು, ಗಾಳಿ ಬೀಸಿದಾಗಲೆಲ್ಲ ಎದುರು ಕೂತವರು ಸೀನುತ್ತಿದ್ದರು. ಸೊಸೈಟಿಯ ಮುದಿ ಜವಾನರೊಬ್ಬರ ಸೀನಿಗೆ ಬೆಂಕಿಪೊಟ್ಟಣ ಗೆರೆಯ ಅರ್ಧದವರೆಗೆ ಹೋಗಿ ಬಂತು, ಪಂದ್ಯದಲ್ಲಿ ಇಲ್ಲದ ಅವರಿಗೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿತ್ತು. ನನ್ನ ಸರದಿಯಲ್ಲಿ ಪೊಟ್ಟಣ ಗೆರೆಗೆ ಒಂದು ಬೆರಳು ಈಚೆಗೆ ನಿಂತಿತು. ಸ್ವಂತ ಅಕ್ಕನ ಮಗಳು, ಲೆಕ್ಕ ಹಾಕಿಕೊಟ್ಟವಳು ಎಂಬ ದಾಕ್ಷಿಣ್ಯವಿಲ್ಲದೆ ಮಾವ ಒಂದು ಬೆರಳು ಎತ್ತಿ ತೋರಿಸಿ, ಬದಿಗೆ ಸರಿ ಎಂದು ಸನ್ನೆ ಮಾಡಿದ. ನನಗೆ ಎಷ್ಟು ಸಿಟ್ಟು ಬಂತೆಂದರೆ ಹೇರ್‌ಪಿನ್ನು ಕೈಯಲ್ಲೇ ಬಾಗಿತು. ಇನ್ನೂ ಹಲವರು ಹೀಗೆಯೇ ಎರಡು ಬೆರಳು, ನಾಲ್ಕು ಬೆರಳು ಎಂದು ಬದಿಗೆ ಸರಿದರು. ಬಸಣ್ಣ ಬಂದರು. ಈ ಸಲ ಅವರು ತೇಲಿಸಲಿಲ್ಲ. ಹೊಟ್ಟೆಯನ್ನೇ ಕೋಲಿನ ಹಿಂದಿಟ್ಟು "ಹೂಪ್" ಎಂದು ನೂಕಿದರು. ಪೊಟ್ಟಣ ಹೋಗಿ ಗೆರೆಗೆ ತಾಗಿತು, ಬಸಣ್ಣ ಹೋಗಿ ಅಕ್ಕಿ ಚೀಲಕ್ಕೆ ತಾಗಿದರು.

ಇಡಗುಂದಿಯವರ ಬಸ್ಸು ಅಂದು ಎಂದಿಗಿಂತ ಬೇಗ ಬಂತು. ಬಸ್ಸು ನಿಲ್ಲುವುದೇ ಗೋದಾಮಿನ ಎದುರು. ಜನ ಸೇರಿದ್ದು ಕಂಡು ಶಾರದೆಯ ಅಪ್ಪ, ತಮ್ಮ ಕಾಲದ ಪೆಟ್ಲು ನೆನಪಾಗಿ, ಜೊತೆಗೆ ಬಂದ ಪುರೋಹಿತರು ಬೇಡ ಬೇಡವೆಂದರೂ ನೇರ ಜಗುಲಿಗೇ ಬಂದುಬಿಟ್ಟರು. ಅವರ ಹಿಂದೆ ನೀಲಿ ಸೀರೆಯ, ಎತ್ತರದ ಹುಡುಗಿ. ಅದೇ ಹೊತ್ತಿಗೆ ಮಾವ ಕೊನೆಯವನಾಗಿ ಪೆಟ್ಲು ಎತ್ತಿಕೊಂಡು ಗೆರೆಯ ಎದುರು ನಿಂತಿದ್ದ. ಸುದ್ದಿ ತಿಳಿದ ಅಜ್ಜಿ ಮನೆಯಿಂದ ಬರಿಗಾಲಿನಲ್ಲಿ ಓಡಿ ಬಂದಳು.

ಮಾವ ಬಾಯಿಂದ ಎರಡು ಕಾಯಿ ತೆಗೆದು ಒಂದರ ಹಿಂದೊಂದು ತುಂಬಿದ. ತುಟಿಯ ಮೇಲೆ ಹಿಡಿತ ತಪ್ಪಿ ಇನ್ನೆರಡು ತಾವಾಗಿಯೇ ಉದುರಿದವು. ಶಕ್ತಿಯೆಲ್ಲ ಹಾಕಿ ನೂಕಿದ. ಬೆಳಗಿನಿಂದ ನೆನೆದು ಮೆತ್ತಗಾದ ಕಾಯಿಯ ಸುತ್ತ ಗಾಳಿಯೆಲ್ಲ ಸೋರಿ "ಪುಸ್" ಎಂದಿತು. ಕಾಯಿ ಸೋಮಾರಿಯ ಹಾಗೆ ಹೋಗಿ ಪೊಟ್ಟಣಕ್ಕೆ ಒರಗಿಕೊಂಡಿತು. ಪೊಟ್ಟಣ ಗೆರೆಯ ಅರ್ಧಕ್ಕೂ ಹೋಗಲಿಲ್ಲ. ಸೀನಿನಷ್ಟೂ ಹೋಗಲಿಲ್ಲ. ಇನ್ನೆರಡು ಅವಕಾಶವಿತ್ತು, ಎರಡನೆಯದೂ ಪುಸ್ ಎಂದಿತು. ಮೂರನೆಯದು ಕೊಳವೆಯಲ್ಲೇ ಜಜ್ಜಿಹೋಗಿ ಹೊರಗೆ ಬರಲೇ ಇಲ್ಲ.

ಎಲ್ಲರೂ ಮಾವನ ಮಾತಿಗೆ ಕಾದರು. ಪೆಟ್ಲಿನ ವಾಟೆ ಸರಿಯಿಲ್ಲ ಎನ್ನಬಹುದು, ಗಾಳಿಯ ದಿಕ್ಕು ಎನ್ನಬಹುದು, ಪುಣೆಯಲ್ಲಿ ಹೀಗಾದಾಗ ಏನು ಮಾಡುತ್ತಾರೆಂದು ಹೇಳಲು ಶುರುಮಾಡಿದರೆ ಸಂಜೆಯಾಗಬಹುದು. ಮಾವ ಬಾಯಿ ತೆರೆದ. ಒಳಗಿಂದ ಒಂದು ಜೊಲ್ಲಿನ ಎಳೆ ಬಂತು, ಮಾತು ಬರಲಿಲ್ಲ. ಟವೆಲಿನಿಂದ ಒರೆಸಿಕೊಂಡ. ಆಗ ಬಸಣ್ಣ ಅಕ್ಕಿ ಚೀಲದ ಮೇಲಿಂದ ಎದ್ದರು.

"ಗೆರಿ ಎಂಟ್ ಬೆರಳು ಈಕಡೆ ಹಾಕ್ರಿ ಭಟ್ರ. ನಾವ ಮಾಡಿದ್ ಆಟ, ಯಾರೇನ್ ಅಂತಾರ" ಎಂದರು. ಜನರೂ ಹೌದೆಂದರು. ಯಾರೋ ಸೀಮೆಸುಣ್ಣವನ್ನೂ ತಂದು ಮಾವನ ಕೈಗಿಟ್ಟರು.

ಮಾವ ಸೀಮೆಸುಣ್ಣ ನೋಡಿದ. ಬದಿಗೆ ಸರಿಸಲ್ಪಟ್ಟು ಕೂತಿದ್ದ ನಮ್ಮನ್ನು ನೋಡಿದ. ನೀಲಿ ಸೀರೆಯತ್ತ ಮಾತ್ರ ನೋಡಲಿಲ್ಲ. ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು, ಸುಮ್ಮನೆ ಬಂದು ನಮ್ಮ ಸಾಲಿನ ಕೊನೆಯಲ್ಲಿ ಕೂತುಕೊಂಡ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಅವನ ಕೈಗೆ ನೀರಿನ ಚೊಂಬು ಕೊಟ್ಟೆ. ಅವನು ಕುಡಿದ ನೀರು ತುಟಿಯ ಎರಡೂ ಬದಿಯಿಂದ ವಾಪಸು ಬಂತು.

ಮನೆಯಲ್ಲಿ ಪಂಚಕಜ್ಜಾಯ, ಚಹಾ ಆಯಿತು. ಶಾರದೆಯ ಅಪ್ಪ ಪುಣೆಯ ವಿಷಯವನ್ನೇ ಕೇಳಿದರು. ಅಜ್ಜಿ ಕಂಬ ಹಿಡಿದು ಕಣ್ಣು ಮುಚ್ಚಿಕೊಂಡಳು. ಮಾವ ಟವೆಲನ್ನು ಬಾಯಿಗೆ ಅಡ್ಡ ಹಿಡಿದು ತಲೆಯಾಡಿಸಿದ. ಎಷ್ಟು ವರ್ಷ ಎಂದದ್ದಕ್ಕೆ ಬೆರಳು ತೋರಿಸಿದ. ಊರು ಇಷ್ಟವೋ ಪುಣೆಯೋ ಎಂದದ್ದಕ್ಕೆ ನೆಲ ತೋರಿಸಿದ. ಶಾರದೆ ಚಹಾ ಕುಡಿಯುತ್ತ ಅವನನ್ನೇ ನೋಡುತ್ತಿದ್ದಳು. ಹೊರಡುವಾಗ ಅವಳ ಅಪ್ಪ ಅಜ್ಜನ ಹತ್ತಿರ, ಇಷ್ಟು ಗಂಭೀರ ಮಾಣಿಯನ್ನು ಈಚೆಗೆ ನೋಡಿರಲಿಲ್ಲ, ಈಗಿನವರು ಪೇಟೆ ಕಂಡು ಬಂದರೆ ಬಾಯಿಗೆ ಬಿಡುವೇ ಕೊಡುವುದಿಲ್ಲ ಎಂದರು. ಅಜ್ಜ ಬೇರೆ ಕಡೆ ನೋಡಿದ. ವಾರದೊಳಗೆ ಜಾತಕ ಕೂಡಿಬಂತೆಂದು ಇಡಗುಂದಿಯಿಂದ ಸುದ್ದಿ ಬಂತು. ಅಜ್ಜಿ ಗಣಪತಿಗೆ ಹರಕೆ ಸಲ್ಲಿಸಿದಳು, ಹಿತ್ತಿಲ ಜುಮ್ಮನಮರಕ್ಕೂ ಯಾರಿಗೂ ಹೇಳದೆ ಒಂದು ಕೊಡ ನೀರು ಹಾಕಿದಳು.

ಮದುವೆಯ ದಿನ ಮಾವನ ನಾಲಿಗೆ ಪೂರ್ತಿ ಸರಿಯಾಗಿತ್ತು. ಧಾರೆ ಮುಗಿದು ಊಟಕ್ಕೆ ಕೂತದ್ದೇ ತಡ, ಗುಂಡು ತಿರುಗುವುದನ್ನು ಬೀಗರ ಪಂಕ್ತಿಗೆ ಹೇಳತೊಡಗಿದ. ಮೀಸೆಯ ಆಸಾಮಿ ವಡೆ ತಿನ್ನುವಲ್ಲಿಗೆ ಬರುವಷ್ಟರಲ್ಲಿ ಮಾವನ ಮಾವ ಪಾಯಸದ ಸೌಟು ಹಿಡಿದು ಹಾಗೇ ನಿಂತುಬಿಟ್ಟಿದ್ದರು. ಪಾಪ, ಅವರು ಆ ಮೇಲೆ ಯಾರನ್ನೂ ಗಂಭೀರ ಎಂದು ಕರೆದದ್ದು ನಾನು ಕೇಳಿಲ್ಲ.

ವರ್ಷಗಳು ಹೋದವು. ಮಾವ, ಅತ್ತೆ ಸೇರಿ ಶಿರಸಿಯಲ್ಲಿ ಹೋಳಿಗೆ ಮಾಡಿಕೊಡುವ ಅಂಗಡಿ ಹಾಕಿದರು. ಹೋಳಿಗೆಗೆ ಬಂದವರಿಗೆ ಮಾವ ಇವತ್ತಿಗೂ ತೂಕವನ್ನು ವೇಗದಿಂದ ಗುಣಿಸಿಯೇ ಕಳಿಸುತ್ತಾನೆ. ಮೊನ್ನೆ ಪೊಲೀಸರಿಂದ ಬಿಡಿಸಿಕೊಂಡು ನಾನು ಬಂದು ಇಳಿದದ್ದು ಅಲ್ಲಿಗೇ. ಹೊರಗೆ ಮಾವ ಗಿರಾಕಿಯೊಬ್ಬರನ್ನು ನಿಲ್ಲಿಸಿಕೊಂಡಿದ್ದ, ಒಳಗೆ ಶಾರದತ್ತೆ ಹೂರಣ ರುಬ್ಬುತ್ತಿದ್ದಳು. ನನ್ನ ಬಸ್ಸಿನ ಕತೆಗೆ ಅತ್ತೆ ನಕ್ಕಳು. ಆ ನಗುವಿನ ಧೈರ್ಯದಲ್ಲಿ, ಇಷ್ಟು ವರ್ಷ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ. ಮಾತೇ ಆಡದ ವರನನ್ನು ನೋಡಿ ಒಪ್ಪಿದವಳಿಗೆ ಮದುವೆಯ ದಿನ ಮೋಸವಾಯಿತು ಅನ್ನಿಸಲಿಲ್ಲವೇ ಎಂದೆ.

ಅತ್ತೆ ಕೈ ತೊಳೆದುಕೊಂಡು ಸೆರಗಿಗೆ ಒರೆಸಿಕೊಂಡಳು.

"ಯಮ್ಮನೆ ಹಿತ್ಲಲ್ಲೂ ಜುಮ್ಮನಮರ ಇದ್ದು ಕೂಸೆ. ಬಾಯಿಗೆ ಎಂತ ಆಜು ಹೇಳಿ ಯಂಗೆ ಅಲ್ಲೇ ಗೊತ್ತಾಗಿತ್ತು" ಎಂದಳು. ಹೂರಣದ ಮೇಲೆ ತಟ್ಟೆ ಮುಚ್ಚಿ, "ಬಾಯಿ ಮರಗಟ್ಟಿತ್ತು. ಕೈ ಮರಗಟ್ಟಿತ್ತಿಲ್ಲೆ. ಸೀಮೆಸುಣ್ಣ ಕೈಯಲ್ಲೇ ಇತ್ತು, ಗೆರೆ ಅಳಿಸಲಾಗ್ತಿತ್ತು. ಅಳಿಸಿದ್ವಿಲ್ಲೆ. ಅಷ್ಟು ನೋಡಿ ಆನು ಹೂಂ ಹೇಳಿದಿ" ಎಂದಳು.

ತಿರುಗಿ ನೋಡಿದರೆ ಮಾವ ಬಾಗಿಲಲ್ಲಿ ನಿಂತಿದ್ದ. ಹೋಳಿಗೆಯ ಕಟ್ಟು ಒಯ್ಯಲೆಂದು ಒಳಗೆ ಬಂದವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಈಗ ಪುಣೆ ಬರುತ್ತದೆ, ಮೀಸೆ ಬರುತ್ತದೆ, ವಡೆ ಬರುತ್ತದೆ ಎಂದು ನಾನು ಕಾದೆ. ಮಾವ ಬಾಯಿ ತೆರೆದ, ಮುಚ್ಚಿದ, ಕಟ್ಟು ತೆಗೆದುಕೊಂಡು ಹೊರಗೆ ಹೋಗಿ ಗಿರಾಕಿಯ ಕೈಗಿಟ್ಟು ಒಂದೂ ಮಾತಿಲ್ಲದೆ ಕಳಿಸಿಬಿಟ್ಟ. ಅವನ ಮಾತು ನಿಂತದ್ದನ್ನು ನಾನು ನೋಡಿದ್ದು ಅದು ಎರಡನೆಯ ಸಲ. ಈ ಸಲ ಅವನ ಬಾಯಲ್ಲಿ ಏನೂ ಇರಲಿಲ್ಲ.